ಗೇರಿನ ಸೈಕಲ್ಲು

ಐವತ್ತು ದಾಟಿದ ಹೆಂಗಸು ತನಗಾಗಿ ಒಳ್ಳೆಯ ಸೈಕಲ್ಲು ಕೊಂಡರೆ ಅದು ಅಗತ್ಯವೋ, ಆಸೆಯೋ? ಅಂತರಸಂತೆಯಲ್ಲಿ ನನ್ನ ಹಳೆಯ ಲೇಡೀಸ್ ಸೈಕಲ್ಲು ಇನ್ನೂ ಓಡುತ್ತದೆ. ಏರಿನಲ್ಲಿ ಮಾತ್ರ ಇಳಿದು ತಳ್ಳಬೇಕು. ಮೈಸೂರಿನಲ್ಲಿ ನೋಡಿದ ಗೇರಿನ ಸೈಕಲ್ಲಿಗೆ ನನ್ನ ಚೀಟಿಯ ಹಣವೆಲ್ಲ ಬೇಕು. ಚೈನು ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಬಿದ್ದರೆ ಏರು ಹಗುರ, ನಿಜ. ಆದರೆ ಆ ತೆಳು ಟೈರು ಜಲ್ಲಿ ಎದ್ದ ರಸ್ತೆಗಲ್ಲ, ಆ ಎತ್ತರದ ಕಂಬಿ ಸೀರೆಗಲ್ಲ.

2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ಲು ಕೊಡತೊಡಗಿದಾಗ, ಹುಡುಗಿಯರಿಗೆ ಇದೆಲ್ಲ ಬೇಕೇ ಎಂದವರಿದ್ದರು. ಗಂಡಸರ ಬೈಕಿಗೆ ಅವರು ಹಾಗೆ ಕೇಳಿದ್ದನ್ನು ನಾನು ಕಾಣೆ. ಅಗತ್ಯದ ಲೆಕ್ಕವೆಲ್ಲ ನಮ್ಮ ಕೊರಳಿಗೇ ಏಕೆ? ಹಾಗೆಂದು ಹಟಕ್ಕೆ ಕೊಳ್ಳುವುದೂ ಸಲ್ಲ.

ಸದ್ಯ ಹಳೆಯದಕ್ಕೇ ಹೊಸ ಟೈರು, ಬ್ರೇಕ್ ರಬ್ಬರು ಹಾಕಿಸಿದೆ. ಚೀಟಿ ಹಣ ಮುಟ್ಟಿಲ್ಲ. ತಗ್ಗು ಕಂಬಿಯ ಗೇರು ಸೈಕಲ್ಲು ಬಂದರೆ ತಿಳಿಸಿ ಎಂದು ಅಂಗಡಿಯವರಿಗೆ ಹೇಳಿ ಬಂದಿದ್ದೇನೆ.