ಮಳೆ ಯಾರಿಗೆ ಸೀಸನ್ನು?

ಮಳೆಗಾಲ ಶುರುವಾದರೆ ಆಫೀಸಿನಲ್ಲಿ ನನ್ನ ಬೆಲೆ ಸ್ವಲ್ಪ ಏರುತ್ತದೆ. ನನ್ನೂರು ಘಟ್ಟದ ಕಡೆ ಅಂತ ಎಲ್ಲರಿಗೂ ಗೊತ್ತು. "ಗುರು, ನಿಮ್ ಕಡೆ ಮಳೆ ಹೆಂಗಿದೆ? ಈ ವೀಕೆಂಡ್ ಹೋಗಬಹುದಾ?" ಅಂತ ಕೇಳುತ್ತಾರೆ. ಫೋನಿನಲ್ಲಿ ಅಪ್ಪನಿಗೆ ನಾನು ಕೇಳುವುದೂ ಇದೇ ಪ್ರಶ್ನೆ. ಅಪ್ಪನ ಉತ್ತರದಲ್ಲಿ ಅಡಿಕೆಗೆ ಔಷಧಿ ಹೊಡೆಯೋಕೆ ಹೊಳವಾಯ್ತಾ, ಕರೆಂಟು ಬಂತಾ, ಕಾಲುಸಂಕ ಉಳಿದಿದೆಯಾ ಎಲ್ಲ ಇರುತ್ತದೆ. ಟೀಮಿನವರಿಗೆ ಬೇಕಾದ ಉತ್ತರ ಎರಡೇ: ಸೂಪರ್ ಅಥವಾ ವೇಸ್ಟ್.

ಇದರಲ್ಲಿ ಯಾರದ್ದೂ ತಪ್ಪಿಲ್ಲ. ವಾರವಿಡೀ ಎಸಿ ರೂಮಿನಲ್ಲಿ ಕೂತವರಿಗೆ ಮಂಜು, ಹಸಿರು, ಜಲಪಾತ ಬೇಕು ಅನ್ನಿಸುವುದು ಸಹಜ. ಆದರೂ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಒಂದು ಊರಿನ ಕಷ್ಟದ ಕಾಲವನ್ನು ಇನ್ನೊಬ್ಬರು ಸೀಸನ್ ಅಂತ ಕರೆಯಬಹುದಾ? ಕರೆಯಬಹುದು ಅನ್ನುವುದಾದರೆ, ಅದಕ್ಕೆ ಮಿತಿ ಎಲ್ಲಿ?

ನಮ್ಮ ದೇಶಕ್ಕೆ ಒಂದೇ ಹವಾಮಾನ ಅಂತ ಇಲ್ಲವೇ ಇಲ್ಲ. ಮುಂಗಾರು ಜೂನ್ 1ರ ಸುಮಾರಿಗೆ ಕೇರಳ ಮುಟ್ಟಿ, ಜುಲೈ 8ರ ಹೊತ್ತಿಗೆ ಇಡೀ ದೇಶವನ್ನು ಆವರಿಸುವುದು ವಾಡಿಕೆ. ಆದರೆ ಆವರಿಸುವುದು ಅಂದರೆ ಎಲ್ಲ ಕಡೆ ಒಂದೇ ಥರ ಸುರಿಯುವುದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ. ಪೂರ್ವಕ್ಕೆ ಚಳ್ಳಕೆರೆಗೆ ಬಂದರೆ ಅದರ ಹತ್ತನೇ ಒಂದು ಪಾಲೂ ಇಲ್ಲ. ಆಗುಂಬೆಯಲ್ಲಿ ಜೋರಾಗಿ ಹೊಡೆದ ಒಂದೇ ದಿನದ ಮಳೆ ಲೇಹ್‌ನ ಇಡೀ ವರ್ಷದ ಮಳೆಗಿಂತ ಜಾಸ್ತಿ. ಚೆನ್ನೈ ತನ್ನ ಮುಖ್ಯ ಮಳೆಗಾಗಿ ಅಕ್ಟೋಬರ್‌ವರೆಗೆ ಕಾಯುತ್ತದೆ. ಹಾಗಾಗಿ ಟ್ರಾವೆಲ್ ಸೈಟುಗಳಲ್ಲಿ ಕಾಣುವ 'ಬೆಸ್ಟ್ ಟೈಮ್' ಅನ್ನೋದು ಆ ಊರಿನ ಬಗ್ಗೆ ಹೇಳುವುದಕ್ಕಿಂತ ನೋಡಲು ಹೋಗುವವರ ಬಗ್ಗೆಯೇ ಹೆಚ್ಚು ಹೇಳುತ್ತದೆ. ಲಡಾಖ್ ನಮಗೆ ಬೇಸಿಗೆಯ ಬೈಕ್ ರೈಡ್. ಅಲ್ಲಿಯವರಿಗೆ ಅದು ಬಾರ್ಲಿ ಬೆಳೆದುಕೊಳ್ಳಬೇಕಾದ, ಹಿಮ ಬಿದ್ದು ಜೋಜಿಲಾ ಮುಚ್ಚುವ ಮೊದಲು ಚಳಿಗಾಲದ ಸಾಮಾನು ತುಂಬಿಸಿಕೊಳ್ಳಬೇಕಾದ ಕೆಲವೇ ತಿಂಗಳು. ರಸ್ತೆ ಒಂದೇ, ತಿಂಗಳೂ ಅವೇ.

"ರಿಸ್ಕ್ ನಂದು, ನಾನು ತಗೋತೀನಿ, ನಿಮಗೇನು?" ಅಂತ ಕೆಲವರು ವಾದಿಸುತ್ತಾರೆ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಘಟ್ಟದ ರಸ್ತೆಯಲ್ಲಿ ಒಬ್ಬನದೇ ರಿಸ್ಕ್ ಅಂತ ಇರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ಸತ್ತವರಲ್ಲಿ ರಸ್ತೆ ಬದಿಯಲ್ಲಿ ಚಹಾ ಅಂಗಡಿ ನಡೆಸುತ್ತಿದ್ದ ಕುಟುಂಬವಿತ್ತು, ಅಲ್ಲಿ ಗಾಡಿ ನಿಲ್ಲಿಸಿದ್ದ ಚಾಲಕರಿದ್ದರು. ಇವರು ಮಳೆ ನೋಡಲು ಬಂದವರಲ್ಲ, ದುಡಿಮೆಗೆ ನಿಂತವರು. ಗಂಗಾವಳಿ ನದಿಗೆ ಬಿದ್ದಿದ್ದ ಒಂದು ಲಾರಿಯನ್ನು ಮೇಲೆತ್ತುವಾಗ ಸೆಪ್ಟೆಂಬರ್ ಕೊನೆಯ ವಾರ. ಅಷ್ಟು ದಿನ ಉಕ್ಕುವ ಹೊಳೆಗೆ ಇಳಿದು ಹುಡುಕಿದವರೂ ಮನುಷ್ಯರೇ. ನಮ್ಮ ರಿಸ್ಕನ್ನು ನಾವು ಎತ್ತಿಕೊಂಡ ಕ್ಷಣದಲ್ಲೇ ನಮ್ಮನ್ನು ಹುಡುಕಿಕೊಂಡು ಬರಬೇಕಾದವರ ತಲೆಯ ಮೇಲೂ ಅಷ್ಟಿಷ್ಟು ಹೊರಿಸಿರುತ್ತೇವೆ.

ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಮನೆ ಅಜ್ಜಿಗೆ ಎದೆನೋವು ಬಂತು. ಆಂಬ್ಯುಲೆನ್ಸ್ ಘಟ್ಟ ಇಳಿಯಬೇಕು. ಭಾನುವಾರ. ಜಲಪಾತದ ತಿರುವಿನಲ್ಲಿ ಎರಡೂ ಕಡೆ ಕಾರು. ಇಪ್ಪತ್ತು ನಿಮಿಷದ ದಾರಿಗೆ ಒಂದು ಗಂಟೆಯ ಮೇಲಾಯಿತು. ಪುಣ್ಯಕ್ಕೆ ಅಜ್ಜಿ ಉಳಿದರು. ವಿಷಯ ತಿಳಿದ ಕೂಡಲೇ ನಾಲ್ಕೈದು ಹುಡುಗರು ಮಳೆಯಲ್ಲೇ ಓಡಾಡಿ ಕಾರು ತೆಗೆಸಿದರಂತೆ. ಅಂದರೆ ಅಲ್ಲಿದ್ದವರು ಕೆಟ್ಟವರಲ್ಲ. ಪ್ರತಿಯೊಬ್ಬರೂ ಐದೇ ನಿಮಿಷ ಅಂತ ನಿಲ್ಲಿಸಿದ್ದರು. ಒಬ್ಬ ಕೆಟ್ಟವನೂ ಇಲ್ಲದೆ ಒಂದು ಜೀವ ಹೋಗಬಹುದಿತ್ತು ಅನ್ನುವುದೇ ನನ್ನನ್ನು ಹೆಚ್ಚು ಕಾಡಿದ್ದು.

ಹಾಗಾದರೆ ಮಳೆಗಾಲದಲ್ಲಿ ಯಾರೂ ಬರಲೇಬಾರದಾ? ಹಾಗಂದರೆ ನನಗೆ ಮೊದಲು ಬೈಯುವವರು ಹೋಂಸ್ಟೇ ನಡೆಸುವ ನನ್ನ ಚಿಕ್ಕಮ್ಮ. "ಬರೋರನ್ನ ಬರಬೇಡಿ ಅಂದ್ರೆ ನಮ್ಮ ಮಳೆಗಾಲ ಕಳೆಯೋದು ಹೆಂಗೋ ಮಾರಾಯ?" ಕೊಳೆರೋಗ ಬಂದು ಅಡಿಕೆ ಉದುರಿದ ವರ್ಷ ಮನೆ ನಡೆದದ್ದು ಆ ಎರಡು ರೂಮಿನ ಬಾಡಿಗೆಯಿಂದ. ಬೆಂಗಳೂರಿನಲ್ಲಿ ಕೂತು ಮಲೆನಾಡು ಉಳಿಸಿ ಅನ್ನುವುದು ಸುಲಭ. ಅಲ್ಲಿರುವವರೂ ಉಳಿಯಬೇಕಲ್ಲ.

ಈ ಗೊಂದಲ ಹೊಸದೇನಲ್ಲ. ಬೌದ್ಧರ ವಿನಯ ಪಿಟಕದಲ್ಲಿ ಒಂದು ಪ್ರಸಂಗವಿದೆ. ಭಿಕ್ಷುಗಳು ಮಳೆಗಾಲದಲ್ಲೂ ತಿರುಗುತ್ತ ಎಳೆ ಹುಲ್ಲು, ಸಣ್ಣ ಜೀವಗಳನ್ನು ತುಳಿಯುತ್ತಾರೆ, ಹಕ್ಕಿಗಳೂ ಈ ಕಾಲಕ್ಕೆ ಗೂಡು ಸೇರುತ್ತವೆ, ಇವರಿಗೇನಾಗಿದೆ ಅಂತ ಜನ ಆಡಿಕೊಂಡರು. ಆಗ ಬುದ್ಧ ಮೂರು ತಿಂಗಳು ಒಂದೇ ಕಡೆ ನಿಲ್ಲುವ ವರ್ಷಾವಾಸದ ನಿಯಮ ಮಾಡಿದ. ಜೈನ ಮುನಿಗಳು, ನಮ್ಮ ಮಠದ ಸ್ವಾಮಿಗಳು ಇವತ್ತಿಗೂ ಚಾತುರ್ಮಾಸ್ಯಕ್ಕೆ ಕೂರುತ್ತಾರೆ. ನನಗಿಲ್ಲಿ ಹಿಡಿಸುವುದು ಎರಡು ಸಂಗತಿ. ಒಂದು, ಆ ದೂರು ಭಿಕ್ಷುಗಳು ನೆನೆಯುತ್ತಾರೆ, ಜಾರುತ್ತಾರೆ ಅಂತಲ್ಲ, ಅವರ ಕಾಲಡಿ ಇರುವುದಕ್ಕೆ ಏನಾಗುತ್ತದೆ ಅಂತ. ಎರಡು, ನಿಯಮದಲ್ಲಿ ಸಡಿಲಿಕೆಯೂ ಇದೆ. ಕಾಯಿಲೆಯವರನ್ನು ನೋಡಬೇಕು, ಯಾರೋ ಅಗತ್ಯಕ್ಕೆ ಕರೆದಿದ್ದಾರೆ ಅಂದರೆ ಏಳು ದಿನದೊಳಗೆ ಹೋಗಿ ಬರಬಹುದು. ಎಕ್ಸೆಪ್ಶನ್ ಹ್ಯಾಂಡ್ಲಿಂಗ್ ಇಲ್ಲದ ಕೋಡ್ ಬಾಳಿಕೆ ಬರುವುದಿಲ್ಲ ಅಂತ ಆಗಲೇ ಗೊತ್ತಿತ್ತು ನೋಡಿ.

ನಾವು ಭಿಕ್ಷುಗಳಲ್ಲ, ಮೂರು ತಿಂಗಳು ಮನೆಯಲ್ಲಿ ಕೂರಬೇಕಿಲ್ಲ. ಆದರೆ ಆ ದೃಷ್ಟಿಯನ್ನು ಎರವಲು ಪಡೆಯಬಹುದು. 'ನನಗೆ ಏನಾದರೂ ಆಗುತ್ತಾ?' ಅನ್ನುವುದರ ಜೊತೆಗೆ 'ನಾನು ಹೋದರೆ ಅಲ್ಲಿ ಏನಾಗುತ್ತೆ?' ಅಂತಲೂ ಕೇಳಬಹುದು. ಇದಕ್ಕೆ ಆ್ಯಪ್‌ನಲ್ಲಿ ಉತ್ತರ ಸಿಗುವುದಿಲ್ಲ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಜಿಲ್ಲೆಗೆ ಎಚ್ಚರಿಕೆ ಕೊಡುತ್ತವೆ. ಯಾವ ತಿರುವಿನಲ್ಲಿ ಧರೆ ಬಾಯಿ ಬಿಟ್ಟಿದೆ ಅನ್ನುವುದು ಅಲ್ಲಿಯವರಿಗೇ ಗೊತ್ತು.

ಅವರು ನಿಜ ಹೇಳುತ್ತಾರಾ ಅನ್ನುವುದು ಮಾತ್ರ ಸ್ವಲ್ಪ ನಮ್ಮ ಕೈಯಲ್ಲೂ ಇದೆ. "ಈ ವಾರ ಬೇಡ, ಗುಡ್ಡ ಸಡಿಲ ಆಗಿದೆ" ಅಂತ ಚಿಕ್ಕಮ್ಮ ಹೇಳಿದ ದಿನ ಗೆಸ್ಟುಗಳು ಮೊದಲು ಕೇಳುವುದು ರಿಫಂಡ್. ಒಂದು ನಿಜ ಹೇಳಿದ್ದಕ್ಕೆ ಅವರಿಗೆ ಎರಡು ರೂಮಿನ ಬಾಡಿಗೆ ದಂಡ. ಮುಂದಿನ ವಾರ ಅದೇ ಪ್ರಶ್ನೆ ಬಂದಾಗ "ಪರವಾಗಿಲ್ಲ, ಬನ್ನಿ" ಅನ್ನುವ ಆಸೆ ಯಾರಿಗೆ ಆಗಲಿಕ್ಕಿಲ್ಲ? ಹಾಗಾಗಿ ಬೇಡ ಅಂದವರ ಹತ್ತಿರ ಅಡ್ವಾನ್ಸ್ ವಾಪಸ್ ಕೇಳಬೇಡಿ. ಅದನ್ನು ಅವರಲ್ಲೇ ಬಿಟ್ಟು, ಹೊಳವಾದ ಮೇಲೆ ಯಾವತ್ತಾದರೂ ಹೋಗಿ ಬನ್ನಿ.