ನಾಬೋತನ ತೋಟ ಮತ್ತು ಅಹವಾಲು ಸಭೆ



ಅರಸುಗಳ ಮೊದಲನೆಯ ಗ್ರಂಥದ 21ನೇ ಅಧ್ಯಾಯವನ್ನು ಮನೆಮಂದಿಯೆಲ್ಲ ಕುಳಿತು ಒಮ್ಮೆ ನಿಧಾನವಾಗಿ ಓದಿರಿ. ಅಹಾಬ ಅರಸನಿಗೆ ಅರಮನೆಯ ಪಕ್ಕದ ದ್ರಾಕ್ಷಿತೋಟ ಬೇಕಾಯಿತು. ಇದಕ್ಕಿಂತ ಒಳ್ಳೆಯ ತೋಟ ಕೊಡುವೆ, ಬೇಡವಾದರೆ ಹಣ ಕೊಡುವೆ ಎಂದ. ಪಿತ್ರಾರ್ಜಿತವನ್ನು ಕೊಡಲಾರೆನೆಂದು ನಾಬೋತ ನಿರಾಕರಿಸಿದ. ಮುಂದಿನದನ್ನು ಗಮನಿಸಿರಿ. ರಾಣಿ ಈಜೆಬೆಲಳು ಸೈನಿಕರನ್ನು ಕಳುಹಿಸಲಿಲ್ಲ. ಪತ್ರ ಬರೆದು ಅರಸನ ಮುದ್ರೆ ಒತ್ತಿದಳು. ಉಪವಾಸ ಸಾರಿಸಿ, ಸಭೆ ಕೂಡಿಸಿ, ಇಬ್ಬರು ಸುಳ್ಳು ಸಾಕ್ಷಿಗಳನ್ನು ಒದಗಿಸಿದಳು. ಕಾಗದಪತ್ರವೆಲ್ಲ ಸರಿಯಾಗಿತ್ತು. ಆ ಊರಿನ ಹಿರಿಯರಲ್ಲಿ ಒಬ್ಬರೂ ಬಾಯಿ ತೆರೆದಂತೆ ಗ್ರಂಥ ಹೇಳುವುದಿಲ್ಲ. ಈಜೆಬೆಲಳಿಗಿಂತ ಅವರೇ ನನ್ನನ್ನು ಹೆಚ್ಚು ಕಾಡುತ್ತಾರೆ.

ಸಂತೆಕಲ್ಲೂರಿನ ಓದುಗರು, "ನಮ್ಮೂರಲ್ಲಿ ಕಾರ್ಖಾನೆ ಎಲ್ಲಿದೆ ಫಾದರ್?" ಎಂದು ಕೇಳಬಹುದು. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಅಲ್ಲಿಯ ವಿದ್ಯುತ್ತು ನಾಡಿಗೆಲ್ಲ ಹೋಗುತ್ತದೆ, ಹಾರುಬೂದಿ ಮಾತ್ರ ಸುತ್ತಲಿನ ಹಳ್ಳಿಗಳದ್ದು. ಪಕ್ಕದ ಕೊಪ್ಪಳದಲ್ಲಿ ಗಿಣಿಗೇರಿ, ಹಿರೇಬಗನಾಳ ಕಡೆಯ ಜನ ಮೆದು ಕಬ್ಬಿಣದ ಕಾರ್ಖಾನೆಗಳ ಕರಿಧೂಳಿನ ಬಗ್ಗೆ ವರ್ಷಗಳಿಂದ ದೂರುತ್ತಿದ್ದಾರೆ. ಅಲ್ಲಿಯೇ ಬಲ್ಡೋಟ ಸಮೂಹದ ಉಕ್ಕಿನ ಕಾರ್ಖಾನೆ ವಿಸ್ತರಣೆಯಾಗುವುದೆಂದಾಗ 2025ರ ಫೆಬ್ರವರಿ 24ರಂದು ಕೊಪ್ಪಳವೇ ಬಂದ್ ಆಯಿತು. ಗವಿಮಠದ ಸ್ವಾಮೀಜಿಯವರು ಜನರೊಡನೆ ನಿಂತರು. ಮರುತಿಂಗಳು ಮುಖ್ಯಮಂತ್ರಿಗಳು ಕೆಲಸ ನಿಲ್ಲಿಸುವಂತೆ ಸೂಚಿಸಿದರು. ಸ್ವಾಮೀಜಿ ನಮ್ಮ ಧರ್ಮಸಭೆಯವರಲ್ಲ, ನಿಜ. ಎಲೀಯ ಪ್ರವಾದಿಯ ಕೆಲಸವನ್ನು ಯಾರು ಮಾಡಿದರೂ ನಾವು ಸಂತೋಷಪಡೋಣ.

ಕಾರ್ಖಾನೆಯೇ ಬೇಡವೆಂದು ನಾನು ಬರೆಯುತ್ತಿಲ್ಲ. ಕೆಲಸವಿಲ್ಲದೆ ಗುಳೆ ಹೋಗುವ ನಮ್ಮ ಕುಟುಂಬಗಳಿಗೆ ದುಡಿಮೆ ಬೇಕು. ಆದರೆ ಕೇಳುವ ಹಕ್ಕು ನಮಗಿದೆ. ಅನೇಕ ಬಗೆಯ ದೊಡ್ಡ ಕಾರ್ಖಾನೆ, ಗಣಿಗಳಿಗೆ ಪರಿಸರ ಅನುಮತಿ ಕೊಡುವ ಮುನ್ನ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕೆಂಬ ನಿಯಮ 1997ರಲ್ಲಿ ಬಂತು. ಈಗಿರುವುದು 2006ರ ಅಧಿಸೂಚನೆ. ಅದರಂತೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಹೊರಡಬೇಕು, ಪತ್ರಿಕೆ ತಲುಪದ ಊರಲ್ಲಿ ಡಂಗುರ ಸಾರಿಸಬೇಕು. ಯೋಜನೆಯ ಸಾರಾಂಶ ಕನ್ನಡದಲ್ಲಿರಬೇಕು. ಜಿಲ್ಲಾಧಿಕಾರಿಗಳು ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿಯೊಬ್ಬರು ಅಧ್ಯಕ್ಷತೆ ವಹಿಸಬೇಕು. ಕೊನೆಗೆ ನಡಾವಳಿಯನ್ನು ಜನರ ಭಾಷೆಯಲ್ಲೇ ಓದಿ ಹೇಳಬೇಕು.

ಒಂದು ತೊಡಕಿದೆ. ಇಷ್ಟೇ ಜನ ಸೇರಬೇಕೆಂಬ ಕೋರಂ ಈ ಸಭೆಗೆ ಇಲ್ಲ. ಅರ್ಧ ಊರು ಗುಳೆ ಹೋಗಿ ಮನೆಗಳಿಗೆ ಬೀಗ ಬಿದ್ದಿರುವಾಗಲೂ ಸಭೆ ನಡೆದು ಮುಗಿಯಬಹುದು.

"ನನ್ನ ಹೆಸರಲ್ಲಿ ಪಹಣಿಯಿಲ್ಲ, ನನಗೇನು?" ಎನ್ನುವವರು ನಮ್ಮಲ್ಲಿ ಬಹಳ. ಭೂಮಿ ಕಳೆದುಕೊಂಡವನಿಗೆ ಪರಿಹಾರದ ಚೆಕ್ಕಾದರೂ ಬರುತ್ತದೆ. ಕೂಲಿಯವನ ಮಗುವಿನ ಕೆಮ್ಮಿಗೆ ಚೆಕ್ಕು ಬರುವುದಿಲ್ಲ. ಅಹವಾಲು ಸಭೆಯಲ್ಲಿ ಮಾತಾಡಲು ಪಹಣಿ ಬೇಕಿಲ್ಲ. ಉಸಿರಾಡುವವರೆಲ್ಲರೂ ಅಲ್ಲಿ ಬಾಧ್ಯಸ್ಥರೇ. ಇಂಥ ಪರಿಶೀಲನೆ ವ್ಯಾಪಾರದ ಲೆಕ್ಕಾಚಾರ ಮುಗಿದ ಮೇಲೆ ಬರಬಾರದು, ಮೊದಲಿನಿಂದಲೇ ಸ್ಥಳೀಯರಿಗೆ ವಿಶೇಷ ಸ್ಥಾನವಿರಬೇಕು ಎಂದು ದಿವಂಗತ ಜಗದ್ಗುರು ಪೋಪ್ ಫ್ರಾನ್ಸಿಸರು 2015ರ "ಲೌದಾತೊ ಸಿ" ವಿಶ್ವಪತ್ರದಲ್ಲಿ ಬೋಧಿಸಿದ್ದಾರೆ.

ಅಂಥ ಪ್ರಕಟಣೆ ನಿಮ್ಮ ಕಣ್ಣಿಗೆ ಬಿದ್ದರೆ ನಿಮ್ಮ ಧರ್ಮಕೇಂದ್ರಕ್ಕೆ ತನ್ನಿರಿ. ಭಾನುವಾರ ಪೂಜೆಯಾದ ಮೇಲೆ ಓದಬಲ್ಲ ಮಕ್ಕಳು ಅದನ್ನು ಗಟ್ಟಿಯಾಗಿ ಓದಲಿ, ಅಜ್ಜಿಯರು ಪ್ರಶ್ನೆ ಕೇಳಲಿ. ಯಾವ ಕೆರೆಯ ನೀರು, ಹೊಗೆ ಯಾವ ಕಡೆಗೆ, ಎಷ್ಟು ಮಂದಿಗೆ ಕೆಲಸ ಎಂದು ಬರೆದಿಟ್ಟುಕೊಳ್ಳಿರಿ. ಗುಳೆ ಹೋದವರಿಗೆ ಫೋನ್ ಮಾಡಿ ದಿನಾಂಕ ತಿಳಿಸಿರಿ. ಬರಲಾಗದವರು ತಮ್ಮ ಮಾತನ್ನು ಬರೆದು, ಸಹಿ ಹಾಕಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳುಹಿಸಬಹುದು.