ಆತ್ಮಕ್ಕೆ ಬೇಡದ ಸಾಕ್ಷಿ, ಒಡೆತನಕ್ಕೆ ಬೇಕು

ಇಂಗ್ಲೆಂಡಿನಲ್ಲಿ ಮನೆಯ ಮೇಲಿನ ಹಳೆಯ ಸಾಲ ತೀರಿಸಿ ಬೇರೊಂದು ಬ್ಯಾಂಕಿನಿಂದ ಹೊಸ ಸಾಲ ಪಡೆಯುವವರು, ಅಂದರೆ ರೀಮಾರ್ಟ್‌ಗೇಜ್ ಮಾಡಿಸುವವರು, ಮೊದಲು ಸಾಲಿಸಿಟರ್‌ಗೆ ತಮ್ಮ ಗುರುತನ್ನು ರುಜುವಾತುಪಡಿಸಬೇಕು. ಮುಖಕ್ಕೆ ಪಾಸ್‌ಪೋರ್ಟೋ ಡ್ರೈವಿಂಗ್ ಲೈಸೆನ್ಸೋ, ವಿಳಾಸಕ್ಕೆ ಕೌನ್ಸಿಲ್ ಟ್ಯಾಕ್ಸ್ ಬಿಲ್ಲೋ ಬ್ಯಾಂಕ್ ಸ್ಟೇಟ್‌ಮೆಂಟೋ ತೋರಿಸಬೇಕು. ಪಾಸ್‌ಪೋರ್ಟಿನ ಚಿಪ್ಪನ್ನು ಫೋನಿನಲ್ಲಿ ಓದಿಸಿ ಮುಖದೊಂದಿಗೆ ತಾಳೆ ನೋಡುವ ಕ್ರಮವೂ ಈಗ ಬಂದಿದೆ. ವರ್ಷಗಟ್ಟಲೆ ಅದೇ ಮನೆಯಲ್ಲಿ ಬಾಳಿ, ಕಂತು ತಪ್ಪದೆ ಕಟ್ಟಿದವರ ಮನಸ್ಸಿಗೆ ಇದು ಚುಚ್ಚುತ್ತದೆ. ನಾನು ನಾನೇ ಎಂಬುದಕ್ಕೂ ಪುರಾವೆಯೇ? ಈ ನೋವು ನಿಜವಾದದ್ದು. ಆದರೆ ಅದರಲ್ಲಿ ಎರಡು ಪ್ರಶ್ನೆಗಳು ಕಲೆತುಹೋಗಿವೆ. ಅವನ್ನು ಬಿಡಿಸಿ ನೋಡುವುದು ತತ್ತ್ವಶಾಸ್ತ್ರದ ಕೆಲಸ.

ಮೊದಲನೆಯದು 'ನಾನು' ಇದ್ದೇನೆಯೇ ಎಂಬ ಪ್ರಶ್ನೆ. ಇದಕ್ಕೆ ಪ್ರಮಾಣವೇ ಬೇಡ ಎಂದು ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ವಾದಿಸುತ್ತಾರೆ: ಪ್ರಮಾಣಗಳ ವ್ಯವಹಾರವೆಲ್ಲ ಆತ್ಮವನ್ನು ಆಶ್ರಯಿಸಿದೆ, ಅದನ್ನು ಅಲ್ಲಗಳೆಯುವವನೇ ಅದರ ಸ್ವರೂಪ. ಸಾಲಿಸಿಟರ್ ಈ ಆತ್ಮವನ್ನು ಶಂಕಿಸುತ್ತಿಲ್ಲ. ಅವರ ಪ್ರಶ್ನೆ ಎರಡನೆಯದು: ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಒಡೆಯರೆಂದು ದಾಖಲಾದ ಹೆಸರಿಗೂ ಎದುರಿಗೆ ಕುಳಿತ ಈ ವ್ಯಕ್ತಿಗೂ ಇರುವ ಸಂಬಂಧವೇನು? ಸಂಬಂಧ ಸ್ವಯಂಸಿದ್ಧವಲ್ಲ. 'ನನ್ನ ಮನೆ' ಎಂಬ ಮಾತು ನನ್ನ ಅಂತರಂಗದ ವರದಿಯಲ್ಲ, ಉಳಿದವರೆಲ್ಲರ ಮೇಲೆ ಹೊಣೆ ಹೊರಿಸುವ ಹಕ್ಕಿನ ಮಾತು. ಆದ್ದರಿಂದಲೇ ಬ್ರಿಟನ್ನಿನ 2017ರ ಹಣ ಅಕ್ರಮ ವರ್ಗಾವಣೆ ತಡೆ ನಿಯಮಗಳು, ಗುರುತಿನ ಆಧಾರವು ವಿಶ್ವಾಸಾರ್ಹವಾಗಿರಬೇಕು, ಜೊತೆಗೆ ಆ ವ್ಯಕ್ತಿಯಿಂದ ಸ್ವತಂತ್ರವಾದ ಮೂಲದಿಂದ ಬಂದಿರಬೇಕು ಎನ್ನುತ್ತವೆ. ಪುರಾವೆ ಒಳಗಿನದೋ ಹೊರಗಿನದೋ ಎಂಬ ಈ ಚರ್ಚೆ ಭಾರತೀಯ ದರ್ಶನಗಳಲ್ಲೂ ಇದೆ: ಜ್ಞಾನದ ಪ್ರಾಮಾಣ್ಯ ಅದರೊಳಗೇ ಇದೆ ಎಂದರು ಮೀಮಾಂಸಕರು. ಹೊರಗಿನಿಂದ ಸ್ಥಾಪಿತವಾಗಬೇಕು ಎಂದರು ನೈಯಾಯಿಕರು. ಆತ್ಮದ ವಿಷಯ ಹೇಗೇ ಇರಲಿ, ಒಡೆತನದ ವಿಷಯದಲ್ಲಿ ನೈಯಾಯಿಕರ ದಾರಿಯೇ ನ್ಯಾಯದ ದಾರಿ.

ಏಕೆಂದರೆ ಸಾಲಿಸಿಟರ್ ಕೋಣೆಯಲ್ಲಿ ಇಲ್ಲದ ಒಬ್ಬರಿದ್ದಾರೆ. ಬಂದವರು ವಂಚಕರಾಗಿದ್ದರೆ ನಿಜವಾದ ಒಡೆಯರು ಬೇರೆಲ್ಲೋ ಇರುತ್ತಾರೆ, ತಮ್ಮ ಮನೆ ಅಡವು ಬೀಳುತ್ತಿರುವುದೇ ಅವರಿಗೆ ತಿಳಿದಿರುವುದಿಲ್ಲ. ಡ್ರೀಮ್‌ವಾರ್ ಎಂಬ ಕಂಪನಿಯ ಪ್ರಕರಣದಲ್ಲಿ ವಂಚಕನೊಬ್ಬ ಲಂಡನ್ನಿನ ಮನೆಯೊಂದರ ಮಾಲೀಕನಂತೆ ನಟಿಸಿ ಅದನ್ನು ಮಾರಿದ. ಕೊಂಡ ಕಂಪನಿ 11 ಲಕ್ಷ ಪೌಂಡ್ ಕಳೆದುಕೊಂಡಿತು. ವಂಚನೆಯ ಅರಿವಿಲ್ಲದಿದ್ದರೂ ಎರಡೂ ಕಡೆಯ ಸಾಲಿಸಿಟರ್‌ಗಳು ಹೊಣೆಗಾರರೆಂದು 2018ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಅಲ್ಲಿ ನಡೆದದ್ದು ಮಾರಾಟ. ಆದರೆ ಮನೆಯನ್ನು ಅಡವಿಟ್ಟು ಹಣ ಎತ್ತುವವನಿಗೂ ಅದೇ ವೇಷ ಸಾಕು. ಇಂದು ಪುರಾವೆ ಕೊಡಲು ಬೇಸರಪಡುವ ನಾವೇ ನಾಳೆ ಆ ಗೈರುಹಾಜರಾದ ಒಡೆಯರಾಗಬಹುದು.

ಪಾಸ್‌ಪೋರ್ಟನ್ನು ನಂಬುವುದು ಯಾವ ಆಧಾರದಿಂದ, ಆ ಆಧಾರಕ್ಕೆ ಇನ್ನೊಂದು ಆಧಾರ ಬೇಡವೇ, ಇದು ಅನವಸ್ಥೆಯಲ್ಲವೇ ಎಂದು ಕೇಳಬಹುದು. ನೆರೆಹೊರೆಯವರ ಪರಿಚಯವೇ ಕಾಗದಕ್ಕಿಂತ ಮೇಲಲ್ಲವೇ ಎಂಬ ಆಕ್ಷೇಪವೂ ಇದರ ಬೆನ್ನಿಗೇ ಬರುತ್ತದೆ. ಎರಡಕ್ಕೂ ಉತ್ತರ ಒಂದೇ. ಬ್ರಿಟನ್ನಿನಲ್ಲಿ ವಯಸ್ಕರು ಮೊದಲ ಸಲ ಪಾಸ್‌ಪೋರ್ಟ್ ಕೇಳಿದಾಗ, ಅವರನ್ನು ಕನಿಷ್ಠ 2 ವರ್ಷದಿಂದ ಬಲ್ಲ ಒಬ್ಬರು ಅವರ ಗುರುತನ್ನು ದೃಢೀಕರಿಸಬೇಕು. ಕಾಗದದ ಸರಪಳಿಯ ಬುಡದಲ್ಲಿರುವುದು 'ಅವನೇ ಇವನು' ಎಂಬ ಪ್ರತ್ಯಭಿಜ್ಞೆಯೇ. ಪರಿಚಯ ತಲುಪದ ದೂರಕ್ಕೆ ಅದನ್ನು ಕೊಂಡೊಯ್ಯುವುದಷ್ಟೇ ಕಾಗದದ ಕೆಲಸ.

ಹೆಚ್ಚು ತೂಕದ ಆಕ್ಷೇಪ ಬೇರೊಂದಿದೆ. ಬಿಲ್ಲುಗಳೆಲ್ಲ ಗಂಡನ ಹೆಸರಿನಲ್ಲಿದ್ದ ವಿಧವೆ, ಪಾಸ್‌ಪೋರ್ಟನ್ನೇ ಮಾಡಿಸದ ವೃದ್ಧ, ಊರು ಮತ್ತು ತಂದೆಯ ಹೆಸರನ್ನು ಇನಿಷಿಯಲ್ಲಾಗಿ ಹೊತ್ತು ಹೋಗಿ ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಬರೆಸಿಕೊಂಡ ಕನ್ನಡಿಗ, ಇವರ ಗತಿಯೇನು? ಇವರಿಗೆ ಆಗುವ ಕಷ್ಟವನ್ನು ಸಣ್ಣದೆನ್ನುವಂತಿಲ್ಲ. ಆದರೆ ಮೇಲಿನ ತರ್ಕವೇ ಇವರ ಪರವಾಗಿಯೂ ನಿಲ್ಲುತ್ತದೆ. ಸಾಬೀತಾಗಬೇಕಾದದ್ದು ಸಂಬಂಧವಾದರೆ, ಅದನ್ನು ತೋರಿಸುವ ಯಾವುದೇ ವಿಶ್ವಾಸಾರ್ಹ, ಸ್ವತಂತ್ರ ಸಾಕ್ಷಿಗೂ ಬೆಲೆಯಿರಬೇಕು. ಪಟ್ಟಿಯಲ್ಲಿರುವ ಎರಡು ಕಾಗದ ಇಲ್ಲವೆಂಬುದು ಸಂಬಂಧವೇ ಇಲ್ಲವೆಂಬುದಕ್ಕೆ ಪುರಾವೆಯಾಗದು. ಗೈರುಹಾಜರಾದವರನ್ನು ಕಾಯಲು ಪ್ರಶ್ನೆ ಕೇಳುವುದು ಸಾಲಿಸಿಟರ್ ಧರ್ಮ. ಎದುರಿಗಿರುವವರಿಗೆ ಉತ್ತರಿಸಲು ಬೇರೆ ದಾರಿಗಳನ್ನು ತೆರೆದಿಡುವುದೂ ಅದೇ ಧರ್ಮದ ಭಾಗ. ಇವೆರಡೂ ಕೂಡಿದಾಗ ಮಾತ್ರ ಗುರುತಿನ ಪರೀಕ್ಷೆ ಅವಮಾನವಾಗದೆ ನ್ಯಾಯವಾಗುತ್ತದೆ.